ಪೈಪು ಹಿಡಿದು ನಿಂತ ಶುಕ್ರವಾರ

ಅಕ್ಕನನ್ನು ಆ ಆಟದಿಂದ ಬಿಡಿಸಿ ತರುವ ಕೆಲಸವನ್ನು ಭಾವ ನನಗೆ ವಹಿಸಿದ್ದಕ್ಕೆ ಕಾರಣ ಒಂದೇ: ನಾನು ಮಾತಿನಲ್ಲಿ ಸೋತದ್ದನ್ನು ಅವರು ಈವರೆಗೆ ನೋಡಿರಲಿಲ್ಲ. ಪಿಯುಸಿಯಿಂದ ಡಿಗ್ರಿಯ ಕೊನೆಯವರೆಗೆ ಮಂಗಳೂರಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು. ವೇದಿಕೆ ಹತ್ತುವ ಮೊದಲು ಪರವೋ ವಿರೋಧವೋ ಎಂದು ಚೀಟಿ ಎತ್ತಬೇಕಿತ್ತು. ನನಗೆ ‘ಪರ’ ಬಂದರೆ ಪಕ್ಕದವಳ ಜೊತೆ ಬದಲಾಯಿಸಿಕೊಳ್ಳುತ್ತಿದ್ದೆ. ಯಾವುದನ್ನಾದರೂ ಸರಿ ಎಂದು ಒಪ್ಪಿಸುವುದಕ್ಕಿಂತ ಅದು ಎಲ್ಲಿ ಟೊಳ್ಳು ಎಂದು ತಟ್ಟಿ ತೋರಿಸುವುದು ನನಗೆ ಸುಲಭ. ಈಗಲೂ ಹಾಗೆಯೇ.

"ನೀನು ಒಂದ್ಸಲ ಹೋಗಿ ನೋಡು ಮಾರಾಯ್ತಿ," ಎಂದಿದ್ದರು ಭಾವ, ಕತಾರಿನ ಉತ್ತರದ ಅಲ್ ಖೋರಿನಿಂದ ಫೋನಿನಲ್ಲಿ. "ಅವ್ಳಿಗೆ ಪ್ರಾಯ ಮೂವತ್ತನಾಲ್ಕು. ಊರವರ ಮೊಣಕಾಲು ಸರಿ ಮಾಡುದು ಅವ್ಳ ಕೆಲಸ. ಅವ್ಳದ್ದೇ ಮುರಿದ್ರೆ ಸರಿ ಮಾಡುದು ಯಾರು? ಬರುವಾಗ ಕಾರಲ್ಲಿ ನಿನ್ನ ಭಾಷಣ ಶುರು ಮಾಡು. ಸ್ಟೇರಿಂಗ್ ಬಿಟ್ಟು ಅವ್ಳು ಎಲ್ಲಿಗೆ ಹೋಗ್ತಾಳೆ?"

ಅಕ್ಕ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಪಾದ ಉಳುಕಿಸಿಕೊಂಡು ಬಂದ ಆಸ್ಟ್ರೇಲಿಯಾದ ಟೀಚರ್ ಒಬ್ಬಳು ಇವಳನ್ನು ತಮ್ಮ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಕರೆದಿದ್ದಳು. ಫುಟ್‌ಬಾಲ್ ಎಂದರೆ ನಾವು ತಿಳಿದ ಫುಟ್‌ಬಾಲ್ ಅಲ್ಲ. ಆಸ್ಟ್ರೇಲಿಯಾದವರು ತಮಗೋಸ್ಕರ ತಾವೇ ಮಾಡಿಕೊಂಡದ್ದು. ಚೆಂಡು ಮೊಟ್ಟೆಯಾಕಾರದ್ದು. ಒದೆಯಬಹುದು, ಹಿಡಿಯಬಹುದು, ಹಿಡಿದುಕೊಂಡು ಓಡಬಹುದು, ಹಾಗೆ ಓಡುವವಳನ್ನು ತಬ್ಬಿ ಕೆಡವಬಹುದು. ಗೋಲಿಗೆ ಎರಡಲ್ಲ, ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಪಾಯಿಂಟು. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಪಾಯಿಂಟು. ತಪ್ಪಿದ್ದಕ್ಕೂ ಬಹುಮಾನ! ಇಂಥ ಆಟ ಕಟ್ಟಿದವರು ಜಗತ್ತಿನಲ್ಲಿ ಎಲ್ಲಿಗೆ ಹೋದರೂ ಆರಾಮಾಗಿಯೇ ಇರುತ್ತಾರೆ ಎಂಬುದು ನನ್ನ ಮೊದಲ ಅಭಿಪ್ರಾಯ.

ಮೊಣಕಾಲಿನ ಚಿಂತೆ ಭಾವನದ್ದು. ನನ್ನ ವಿರೋಧ ಬೇರೆ. ಆಫೀಸಿನಲ್ಲಿ ಇಂಥವರನ್ನು ನಾನು ದಿನವೂ ನೋಡುತ್ತೇನೆ. ನಮ್ಮವರು ಮೂರು ದಿನ ಕೂತು ತಯಾರಿಸಿದ ರಿಪೋರ್ಟನ್ನು ಅವರು ಹತ್ತು ನಿಮಿಷ ಓದಿ ಹೇಳುತ್ತಾರೆ, ಕೊನೆಗೆ ‘ಗ್ರೇಟ್ ಟೀಮ್’ ಎನ್ನುತ್ತಾರೆ. ಅವರ ಬಾಯಲ್ಲಿ ಎಲ್ಲರೂ ‘ಮೇಟ್’, ಅಂದರೆ ಗೆಳೆಯರು. ಮರಳುಗಾಡಿನ ಈ ಊರಿಗೆ ಎಲ್ಲರೂ ಹೊಟ್ಟೆಪಾಡಿಗೇ ಬಂದದ್ದು. ಆದರೆ ಅವರು ‘ಎಕ್ಸ್‌ಪ್ಯಾಟ್’. ನಾವು ಸೂಟು ಹಾಕಿದರೆ ‘ಸ್ಟಾಫ್’, ಬೂಟು ಹಾಕಿದರೆ ‘ಲೇಬರ್’. ಹೀಗಿರುವಾಗ ಮೈದಾನದಲ್ಲಿ ಮಾತ್ರ ಇದ್ದಕ್ಕಿದ್ದಂತೆ ಸಮಾನತೆ ಹುಟ್ಟುತ್ತದೆ ಎಂದರೆ ನಾನು ನಂಬಬೇಕೆ?

ಆ ಗುರುವಾರ ಸಂಜೆ ಅಕ್ಕ ಇಬ್ಬರು ಮಕ್ಕಳನ್ನೂ ಕರೆದುಕೊಂಡು ದೋಹಾದ ಅಲ್ ಸದ್ದ್ ಬಡಾವಣೆಯ ನಮ್ಮ ಫ್ಲಾಟಿಗೆ ಬಂದಳು. ಶುಕ್ರವಾರ ಬೆಳಗ್ಗೆ ಐದಕ್ಕೆ ಮಕ್ಕಳನ್ನು ನಮ್ಮ ಅಮ್ಮನ ಪಕ್ಕದಲ್ಲಿ ಮಲಗಿಸಿ ನಾವಿಬ್ಬರೂ ಕಾರು ಹತ್ತಿದೆವು. ನನಗೆ ಬರುವಾಗಿನವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಹೋಗುವಾಗಲೇ ಶುರು ಮಾಡಿದೆ.

"ಅವ್ರಿಗೆ ಬೇಕಾದ್ದು ನೀನಲ್ಲ ಅಕ್ಕ, ನಿನ್ನ ಟೇಪು."

ಟೇಪು ಎಂದರೆ ಆಟಗಾರರು ಪಾದ ಉಳುಕದಂತೆ ಕಾಲಿನ ಗಂಟಿಗೆ ಬಿಗಿಯಾಗಿ ಸುತ್ತಿಕೊಳ್ಳುವ ಅಂಟುಪಟ್ಟಿ. ಅದರ ಒಂದು ಚೀಲವೇ ಹಿಂದಿನ ಸೀಟಿನಲ್ಲಿತ್ತು.

"ನೋಡದೆಯೇ ತೀರ್ಪು ಕೊಟ್ಟಾಯ್ತಾ?" ಎಂದಳು ಅಕ್ಕ.

"ತೀರ್ಪಲ್ಲ. ವಿಷಯ ಮಂಡನೆ."

"ಹಾಗಾದ್ರೆ ಕೇಳು. ಇವತ್ತು ಕೊನೆಗೆ ಪಟ್ಟಿ ಓದ್ತಾರೆ, ದುಬೈಗೆ ಮ್ಯಾಚಿಗೆ ಹೋಗುವ ಟೀಮಿಂದು. ಅದ್ರಲ್ಲಿ ಆಡುವವ್ಳು ಅಂತ ನನ್ನ ಹೆಸ್ರು ಇದ್ರೆ ನೀನು ಬಾಯ್ಮುಚ್ಚಿ ಪ್ರಾಕ್ಟೀಸಿನ ದಿನ, ಮಂಗಳವಾರ, ಶುಕ್ರವಾರ, ಮಕ್ಳನ್ನು ನೋಡ್ಕೊಳ್ಬೇಕು. ಇಲ್ಲಾಂದ್ರೆ ನಾನು ಬಿಡ್ತೇನೆ. ನೀನೇ ನಿನ್ನ ಭಾವನಿಗೆ ಫೋನ್ ಮಾಡಿ ಗೆದ್ದೆ ಅಂತ ಹೇಳು."

"ಬರ್ದು ಕೊಡ್ತಿಯಾ?"

"ಹೋಗೆ!"

ಮೈದಾನ ದೋಹಾದ ಅಂಚಿನ ಒಂದು ಶಾಲೆಯದ್ದು. ಎಸಿ ಕಾರಿನಿಂದ ಇಳಿದ ಕೂಡಲೇ ನನ್ನ ಕನ್ನಡಕ ಮಂಜಾಗಿ ಏನೂ ಕಾಣದಾಯಿತು. ಸೆಪ್ಟೆಂಬರಿನ ಬೆಳಗು, ಒದ್ದೆ ಬಟ್ಟೆ ಮುಖಕ್ಕೆ ಹಿಡಿದಂಥ ಸೆಕೆ. ಗೇಟಿನಲ್ಲಿ ಸೆಕ್ಯುರಿಟಿಯವನು ರಿಜಿಸ್ಟರ್ ಇಟ್ಟುಕೊಂಡಿದ್ದ. ನೇಪಾಳದವನು, ಒಳ್ಳೆಯ ಮನುಷ್ಯ, ಅಕ್ಕನಿಗೆ ಸಲಾಂ ಹೇಳಿದ. ಕನ್ನಡಕ ಒರೆಸಿಕೊಂಡು ನೋಡುತ್ತೇನೆ, ನಮ್ಮ ಮುಂದೆ ಹೋದ ನಾಲ್ವರು ಬಿಳಿ ಹೆಂಗಸರ ಹೆಸರಿನ ಎದುರು ‘ಪ್ಲೇಯರ್’ ಎಂದಿದೆ. ಅಕ್ಕನ ಹೆಸರು ಬರೆದು, ಏನೂ ಕೇಳದೆ, ಎದುರಿಗೆ ‘ಸ್ಟಾಫ್’ ಎಂದು ಬರೆದ. ನನಗೂ ಅದೇ.

"ನೋಡ್ದಿಯಾ?" ಎಂದೆ. "ಇವ್ನಿಗೂ ಗೊತ್ತುಂಟು."

ಅಕ್ಕ ಚೀಲ ಹೆಗಲಿಗೇರಿಸಿ ಮುಂದೆ ನಡೆದಳು.

ಸೀಸನ್ ಶುರುವಾಗಲು ಇನ್ನೂ ಒಂದು ತಿಂಗಳಿತ್ತು. ಇದು ಅದಕ್ಕೆ ಮೈ ಹುರಿಗೊಳಿಸುವ ತಾಲೀಮು. ಈ ಆಟಕ್ಕೆ ದೊಡ್ಡ ಅಂಡಾಕಾರದ ಮೈದಾನ ಬೇಕು. ಇಲ್ಲಿದ್ದದ್ದು ಆಯತಾಕಾರದ ಸಾಮಾನ್ಯ ಫುಟ್‌ಬಾಲ್ ಮೈದಾನ, ಪ್ಲಾಸ್ಟಿಕ್ ಹುಲ್ಲಿನದ್ದು. ಅದರ ಮೂಲೆಗಳನ್ನು ಕಿತ್ತಳೆ ಬಣ್ಣದ ಕೋನುಗಳಿಂದ ಕತ್ತರಿಸಿ ಮೊಟ್ಟೆ ಮಾಡಿಕೊಂಡಿದ್ದರು. ಇದ್ದದ್ದನ್ನು ಇದ್ದ ಹಾಗೆ ಬಿಡುವ ಅಭ್ಯಾಸ ಇವರಿಗಿಲ್ಲ ಎಂದುಕೊಂಡೆ.

ಅಕ್ಕ ಬೆಂಚಿನ ಮೇಲೆ ಚೀಲ ಬಿಚ್ಚಿದ್ದೇ ತಡ, ಸಾಲು ನಿಂತಿತು. ಮೊದಲು ಬಂದವಳು ಇವಳನ್ನು ಕರೆದ ಆ ಟೀಚರೇ. ತಂಡದ ಕ್ಯಾಪ್ಟನ್ ಅವಳು, ಸೊಂಟದವರೆಗಿನ ಜಡೆ. ಬೆಂಚಿನ ಮೇಲೆ ಕಾಲು ಚಾಚಿ, ಅಕ್ಕ ಮೊಣಕಾಲೂರಿ ಟೇಪು ಸುತ್ತುವಾಗ ಇನ್ನೊಬ್ಬಳ ಜೊತೆ ರಜೆಯ ಸುದ್ದಿ ಮಾತಾಡಿದಳು. ಮುಗಿದ ಮೇಲೆ "ಯು ಆರ್ ಎ ಲೆಜೆಂಡ್!" ಎಂದು ಅಕ್ಕನ ಬೆನ್ನು ತಟ್ಟಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಹನ್ನೊಂದು ಪಾದ. ಪ್ರತಿಯೊಂದಕ್ಕೂ ಒಂದು ಲೆಜೆಂಡ್. ಅಷ್ಟರಲ್ಲಿ ಕೋಚ್ ವಿಸಿಲ್ ಊದಿದ, ಲೆಜೆಂಡನ್ನು ಅಲ್ಲೇ ಬಿಟ್ಟು ಎಲ್ಲರೂ ಓಡಲು ಹೋದರು.

ಮೈದಾನಕ್ಕೆ ಐದು ಸುತ್ತು. ಅಕ್ಕ ಚೀಲ ಮುಚ್ಚಿ, ತನ್ನ ಶೂ ಬಿಗಿದು ಹೊರಡುವಾಗ ಉಳಿದವರದ್ದು ಎರಡು ಸುತ್ತು ಆಗಿತ್ತು. ಕೋಚ್ ಐವತ್ತರ ಆಸುಪಾಸಿನವನು, ಅಗಲ ಟೋಪಿ, ಕೈಯಲ್ಲಿ ಸ್ಟಾಪ್‌ವಾಚು. ಒಬ್ಬೊಬ್ಬಳೂ ಗೆರೆ ದಾಟಿದಂತೆ ಅವಳ ಸಮಯ ಕೂಗಿ ಹಾಳೆಯಲ್ಲಿ ಬರೆದುಕೊಂಡ. ಗುಂಪಿನ ಕೊನೆಯವಳು ದಾಟಿದ್ದೇ ವಾಚನ್ನು ಒತ್ತಿ ಜೇಬಿಗೆ ಹಾಕಿದ. ಅಕ್ಕ ಆಚೆ ಬದಿಯಲ್ಲಿ ಇನ್ನೂ ಒಬ್ಬಳೇ ಓಡುತ್ತಿದ್ದಳು. ಅವಳ ಐದನೆಯ ಸುತ್ತು ಮುಗಿದದ್ದನ್ನು ನೋಡಿದವಳು ನಾನೊಬ್ಬಳೇ. ನನ್ನ ಫೋನಿನಲ್ಲಿ ನಾನು ಸಮಯ ಹಿಡಿದಿದ್ದೆ, ಅವಳ ಮೇಲಿನ ಪ್ರೀತಿಯಿಂದಲ್ಲ, ಸಾಕ್ಷ್ಯಕ್ಕೆ ಇರಲಿ ಎಂದು. ಹೊರಟಲ್ಲಿಂದ ಲೆಕ್ಕ ಹಾಕಿದರೆ ಅವಳು ಅವರಲ್ಲಿ ಅರ್ಧದಷ್ಟು ಜನರಿಗಿಂತ ಬೇಗ ಓಡಿದ್ದಳು.

"ಮೇಟ್," ಎಂದು ಕೋಚ್ ನನ್ನನ್ನು ಕರೆದ. "ಸುಮ್ಮನೆ ನಿಂತಿದ್ದೀಯಲ್ಲ. ಒಂದು ಉಪಕಾರ ಮಾಡುತ್ತೀಯಾ?"

ಗೋಲು ಕಂಬಗಳೆಂದರೆ ಪೇಂಟಿನ ಡಬ್ಬಿಗೆ ಸಿಮೆಂಟು ತುಂಬಿ ಅದರಲ್ಲಿ ನಿಲ್ಲಿಸಿದ ಪ್ಲಂಬಿಂಗ್ ಪೈಪುಗಳು. ನಾಲ್ಕನೆಯದರ ಡಬ್ಬಿ ಒಡೆದು ಪೈಪು ಮಲಗಿತ್ತು. ಅದನ್ನು ನೆಟ್ಟಗೆ ಹಿಡಿದು ನಿಲ್ಲಬೇಕು, ಅಷ್ಟೆ. ಐದು ವರ್ಷ ವೇದಿಕೆಯಲ್ಲಿ ಮಾತಾಡಿದ ನನ್ನನ್ನು ಈ ಮನುಷ್ಯ ಸಿಮೆಂಟು ಡಬ್ಬಿಯ ಬದಲಿಗೆ ನಿಲ್ಲಿಸುತ್ತಿದ್ದ. ಒಪ್ಪಿಕೊಂಡೆ. ಎದುರಾಳಿಯ ತಪ್ಪು ಎಣಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಅಲ್ಲಿಂದ ನಾನು ಮೊದಲು ಕಂಡ ತಪ್ಪು ಅಕ್ಕನದ್ದೇ.

ಅಕ್ಕ ಹೈಸ್ಕೂಲಿನಿಂದ ಕಾಲೇಜಿನವರೆಗೆ ಉಡುಪಿಯಲ್ಲಿ ಥ್ರೋಬಾಲ್ ಆಡಿದವಳು. ನಮ್ಮ ಕಡೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಬೇರೆ ಆಟವೇ ಇಲ್ಲವೇನೋ ಎನ್ನುವಷ್ಟು ಅದನ್ನು ಆಡಿಸುತ್ತಾರೆ. ನೆಟ್ಟಿನ ಆಚೆಯಿಂದ ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿ, ಮೂರು ಸೆಕೆಂಡಿನೊಳಗೆ ಹೆಗಲ ಮೇಲಿಂದ ಒಂದೇ ಕೈಯಲ್ಲಿ ಎಸೆ. ಹಿಡಿ, ಎಸೆ. ಅಕ್ಕನ ಮೈಯಲ್ಲಿ ಅವೆರಡೂ ಒಂದೇ ಕ್ರಿಯೆ. ಆಸ್ಟ್ರೇಲಿಯಾದವರ ಈ ಆಟದಲ್ಲಾದರೋ ಕೊಲೆ ಒಂದು ಬಿಟ್ಟು ಎಲ್ಲಕ್ಕೂ ಅನುಮತಿ ಇದೆ, ಎಸೆಯುವುದಕ್ಕೆ ಮಾತ್ರ ಇಲ್ಲ! ಪಕ್ಕದವಳಿಗೆ ಕೊಡಬೇಕಾದರೆ ಚೆಂಡನ್ನು ಎಡ ಅಂಗೈಯ ಮೇಲೆ ಇಟ್ಟು ಬಲ ಮುಷ್ಟಿಯಿಂದ ಗುದ್ದಿಯೇ ಕಳಿಸಬೇಕು. ಎಸೆದರೆ ವಿಸಿಲ್, ಚೆಂಡು ಎದುರಾಳಿಗೆ.

ಅಕ್ಕ ಓಡುತ್ತಾ ಚೆಂಡು ಹಿಡಿದಳು. ಚೆಂದವಾಗಿ ಹಿಡಿದಳು. ಮತ್ತೆ ಬಲಗೈ ತಾನಾಗಿ ಹೆಗಲಿಗೆ ಹೋಯಿತು. ವಿಸಿಲ್.

"ಎಸೆಯಬಾರದು ಮೇಟ್!"

"ಸಾರಿ, ಸಾರಿ."

ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ವಿಸಿಲ್. ಜಡೆಯವಳು ನಕ್ಕಳು, ಕೆಟ್ಟ ನಗುವಲ್ಲ, ಆದರೆ ನಕ್ಕಳು. ನಾನು ಪೈಪಿನ ಹಿಂದಿನಿಂದ ಕೂಗಿದೆ: "ಇದು ನೆಟ್ಟಿನ ಆಟ ಅಲ್ಲ ಅಕ್ಕ! ಮುಷ್ಟಿ ಎಲ್ಲಿ ಬಿಟ್ಟು ಬಂದಿದ್ದಿ?"

"ನೀನು ನಿನ್ನ ಕಂಬ ನೋಡ್ಕೊ!" ಅವಳು ತಿರುಗಿಯೂ ನೋಡದೆ ಹೇಳಿದಳು.

ಕೊನೆಗೆ ಎರಡು ಗುಂಪು ಮಾಡಿ ಸಣ್ಣ ಪಂದ್ಯ ಆಡಿಸಿದರು. ಈ ಆಟದಲ್ಲಿ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದವಳಿಗೆ ಗೌರವ ಇದೆ; ಅವಳನ್ನು ಯಾರೂ ಮುಟ್ಟುವಂತಿಲ್ಲ, ನಿಂತು ಒದೆಯಬಹುದು. ಅಕ್ಕ ಹಿಡಿಯುತ್ತಲೇ ಇದ್ದಳು. ಅವಳಿಗಿಂತ ಒಂದು ಗೇಣು ಎತ್ತರದವರ ತಲೆಯ ಮೇಲಿಂದ ಹಿಡಿದಳು. ನಾನು ಎಣಿಸಿದ್ದು ಏಳು. ಜಡೆಯವಳು ಹಿಡಿಯಲು ಹೋಗಿ ಕೈಚೆಲ್ಲಿದ್ದು ಮೂರು. ಇನ್ನೂ ಒಂದನ್ನು ಎಣಿಸಿದೆ: ಗದ್ದಲದ ಮಧ್ಯೆ ಗುದ್ದಿದಂತೆ ಮಾಡಿ ಮೆಲ್ಲಗೆ ಎಸೆದವರು ಇಬ್ಬರು. ಕೋಚಿಗೆ ಕಾಣಲಿಲ್ಲ. ಅವರೇನೂ ಹೇಳಲಿಲ್ಲ.

ಎಂಟನೆಯದನ್ನು ಅಕ್ಕ ಹಿಡಿದದ್ದು ನನ್ನ ಪೈಪಿನಿಂದ ನಾಲ್ಕು ಹೆಜ್ಜೆ ಆಚೆ. ಅವಳ ಗುಂಪಿನ ಹುಡುಗಿಯೊಬ್ಬಳು "ಇಲ್ಲಿ, ಇಲ್ಲಿ!" ಎಂದು ಕೂಗುತ್ತಾ ಗೋಲಿನ ಕಡೆ ಓಡಿದಳು. ಅಕ್ಕ ಕೊಟ್ಟಳು. ಹೆಗಲಿನಿಂದ. ಅಪ್ಪಟ ಥ್ರೋಬಾಲಿನ ಎಸೆತ. ಕೋಚ್ ಮತ್ತು ಅವಳ ನಡುವೆ ಮೂರು ಜನ ಅಡ್ಡ ಇದ್ದರು; ವಿಸಿಲ್ ಬರಲಿಲ್ಲ. ಆ ಹುಡುಗಿ ಒದ್ದಳು, ಚೆಂಡು ನಡುಕಂಬಗಳ ಮಧ್ಯೆ ಹೋಯಿತು, ಆರು ಪಾಯಿಂಟು, ಎಲ್ಲರೂ ಕುಣಿದರು.

ಅಕ್ಕ ಬಲಗೈಯನ್ನು ನೇರವಾಗಿ ಮೇಲೆತ್ತಿ ನಿಂತಳು.

ನನಗೆ ಮಾತ್ರ ಅರ್ಥವಾಯಿತು. ಅವಳ ಶಾಲೆಯ ಪಿಟಿ ಟೀಚರ್ ಕಲಿಸಿದ್ದು ಅದು. ಕೈ ನೆಟ್ಟಿಗೆ ತಾಗಿದರೆ, ಚೆಂಡನ್ನು ಎರಡು ಸಲ ಮುಟ್ಟಿದರೆ, ಅಂಪೈರ್ ನೋಡಲಿ ಬಿಡಲಿ, ನೀನೇ ಕೈ ಎತ್ತು. ಎತ್ತದವಳಿಗೆ ಮುಂದಿನ ಪಂದ್ಯ ಇಲ್ಲ. ಮನೆಯಲ್ಲಿ ಲೋಟ ಒಡೆದರೂ ಅಕ್ಕ ಹಾಗೇ ಕೈ ಎತ್ತುತ್ತಿದ್ದಳು.

"ಪೆಟ್ಟಾಯಿತಾ?" ಕೋಚ್ ಓಡಿ ಬಂದ.

"ಇಲ್ಲ. ನಾನು ಎಸೆದೆ. ಗೋಲು ಲೆಕ್ಕಕ್ಕಿಲ್ಲ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ಜಡೆಯವಳು ಅಕ್ಕನ ಕೈಯನ್ನು ಹಿಡಿದು ಕೆಳಗಿಳಿಸಿದಳು. "ಅವನು ನೋಡಿಲ್ಲ ಎಂದರೆ ಅದು ಆಗಿಲ್ಲ ಎಂದೇ ಅರ್ಥ, ಡಾರ್ಲಿಂಗ್." ಕೋಚ್ ಕೂಡ ನಗುತ್ತಾ ಗೋಲನ್ನು ಹಾಗೇ ಉಳಿಸಿದ. "ಗೋಲು ಗೋಲೇ! ಯಲ್ಲಾ, ಆಡಿ!" ‘ಯಲ್ಲಾ’ ಎಂದರೆ ‘ನಡೆಯಿರಿ’; ಎರಡು ಅರಬ್ಬಿ ಪದ ಕಲಿತವರು ಇಲ್ಲಿ ಅವನ್ನು ಇಂಥಲ್ಲೇ ಬಳಸುತ್ತಾರೆ.

ನನಗೆ ಸಿಟ್ಟು ಬಂತು. ಅವರು ನಕ್ಕದ್ದಕ್ಕೋ, ಇವಳು ಕೈ ಎತ್ತಿದ್ದಕ್ಕೋ? ಐದು ವರ್ಷದಲ್ಲಿ ನಾನು ಒಮ್ಮೆಯೂ ನನ್ನ ವಾದದ ತೂತನ್ನು ನಾನಾಗಿ ತೋರಿಸಿದವಳಲ್ಲ. ಯಾರೂ ತೋರಿಸುವುದಿಲ್ಲ. ಪೈಪನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೆ.

ಪಂದ್ಯ ಮುಗಿಯಿತು. ಎಲ್ಲರೂ ನೆಲದಲ್ಲಿ ಕೂತರು. ಕೋಚ್ ಹಾಳೆ ತೆಗೆದು ಹೆಸರು ಓದಿದ. ಹದಿನೈದು ಹೆಸರು. ಮೂರು ಚೆಂಡು ಕೈಚೆಲ್ಲಿದವಳ ಹೆಸರು ಮೊದಲು, ಮೆಲ್ಲಗೆ ಎಸೆದ ಇಬ್ಬರದ್ದೂ ಇತ್ತು. ಆಮೇಲೆ ಹಾಳೆ ಮಡಚುತ್ತಾ, "ಮತ್ತೆ, ನಮ್ಮ ಫಿಸಿಯೋ!" ಎಂದು ಅಕ್ಕನ ಕಡೆ ಕೈ ತೋರಿಸಿದ. ಜೋರು ಚಪ್ಪಾಳೆ. ಲೆಜೆಂಡ್, ಲೆಜೆಂಡ್.

ನಾನು ಗೆದ್ದಿದ್ದೆ. ಕಾರಿನಲ್ಲಿ ಹೇಳಿದ್ದು ಅಕ್ಷರ ಅಕ್ಷರ ನಿಜವಾಗಿತ್ತು. ವೇದಿಕೆಯಾಗಿದ್ದರೆ ಆ ಹೊತ್ತಿಗೆ ಎದುರಿನವರ ಮುಖ ನೋಡಿ ನಗುತ್ತಿದ್ದೆ. ಇಲ್ಲಿ ಎದುರಿನ ಮುಖ ಅಕ್ಕನದ್ದು. ಕೆಂಪಾಗಿ, ಬೆವರಿಳಿದು, ಗಲ್ಲಕ್ಕೆ ಮೈದಾನದ ಕಪ್ಪು ರಬ್ಬರ್ ಚೂರುಗಳು ಅಂಟಿಕೊಂಡಿದ್ದವು. ಚಪ್ಪಾಳೆ ನಿಲ್ಲುವ ಮೊದಲೇ ಅವಳು ಮತ್ತೆ ಕೈ ಎತ್ತಿದಳು.

"ಈಗ ಏನು ಎಸೆದೆ?" ಯಾರೋ ತಮಾಷೆ ಮಾಡಿದರು.

"ಫಿಸಿಯೋ ಆಗಿ ನಾನು ಬರುವುದಿಲ್ಲ," ಎಂದಳು ಅಕ್ಕ, ಇಂಗ್ಲಿಷಿನಲ್ಲಿ, ನಿಧಾನವಾಗಿ. "ಆಡಲಿಕ್ಕೆ ಬರುತ್ತೇನೆ. ಇಲ್ಲದಿದ್ದರೆ ಹೆಸರು ತೆಗೆಯಿರಿ."

ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೇಟ್, ನೀನು ಹಿಡಿಯುವುದರಲ್ಲಿ ಚೆನ್ನಾಗಿದ್ದೀಯ. ಆದರೆ ಎಸೆಯುತ್ತೀಯ."

"ಇವತ್ತು ಮೂರು ಸಲ ಎಸೆದೆ. ಮೂರನೆಯದು ನಾನು ಹೇಳಿದ್ದಕ್ಕೆ ನಿಮಗೆ ಗೊತ್ತಾಯಿತು. ಮಂಗಳವಾರ ಒಂದೇ ಒಂದು ಎಸೆದರೂ ನಾನೇ ಹೋಗುತ್ತೇನೆ."

"ಒಂದು ಜಾಗ ಖಾಲಿ ಇದೆ," ಎಂದ ಅವನು, ಟೋಪಿಯನ್ನು ಮತ್ತೆ ತಲೆಗೇರಿಸುತ್ತಾ. "ಮಂಗಳವಾರ ನೋಡೋಣ. ನಾನು ಮಾತು ಕೊಡುತ್ತಿಲ್ಲ."

ಅಕ್ಕ ಟೇಪಿನ ಚೀಲವನ್ನು ಎತ್ತಿ ಜಡೆಯವಳ ಕಾಲಿನ ಬಳಿ ಇಟ್ಟಳು. "ಹೇಗೆ ಸುತ್ತುವುದು ಅಂತ ಮಂಗಳವಾರ ತೋರಿಸಿಕೊಡುತ್ತೇನೆ. ಆಮೇಲೆ ನಿಮ್ಮ ಪಾದ ನೀವು." ಆಗ ಚಪ್ಪಾಳೆ ಇರಲಿಲ್ಲ.

ಗೇಟಿನಲ್ಲಿ ಹೊರಡುವ ಸಮಯ ಬರೆಯಲು ಸೆಕ್ಯುರಿಟಿಯವನು ಪೆನ್ನು ಕೊಟ್ಟ. ಅಕ್ಕ ತನ್ನ ಹೆಸರಿನ ಎದುರಿದ್ದ ‘ಸ್ಟಾಫ್’ ಅನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಏನನ್ನೂ ಬರೆಯಲಿಲ್ಲ.

ಕಾರಿನಲ್ಲಿ ನಾನೇ ಮೊದಲು ಬಾಯಿ ತೆಗೆದೆ. "ನಮ್ಮ ಮಾತು ಆದದ್ದು ಇವತ್ತಿನ ಪಟ್ಟಿಗೆ. ಮಂಗಳವಾರದ್ದಲ್ಲ."

"ಹೌದು. ನೀನು ಗೆದ್ದೆ. ಫೋನ್ ಮಾಡು."

ಭಾವನ ಮೆಸೇಜು ಆಗಲೇ ಎರಡು ಬಂದಿದ್ದವು: ‘ಎಂತಾಯ್ತು?’ ಮತ್ತೆ ‘ಎಂತಾಯ್ತು ಮಾರಾಯ್ತಿ?’ ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟೆ.

"ಎಂತ, ಮಾಡುದಿಲ್ವಾ?" ಅಕ್ಕ ಕೆಂಪು ಸಿಗ್ನಲಿನಲ್ಲಿ ನನ್ನ ಕಡೆ ತಿರುಗಿದಳು. "ನಂಗೆ ಗೊತ್ತಿಲ್ಲ ಅಂತ ಎಣಿಸಿದ್ಯಾ ಟೇಪಿನ ವಿಷಯ? ಮೊದಲ್ನೇ ದಿನವೇ ಗೊತ್ತುಂಟು. ಒಳಗೆ ಬಿಡ್ಲಿಕ್ಕೆ ಎಂತಾದ್ರೂ ತೋರಿಸ್ಬೇಕಲ್ಲ ಮಾರಾಯ್ತಿ. ಅದನ್ನು ತೋರಿಸಿ ಒಳಗೆ ಹೋದೆ. ಎರಡು ಹೆತ್ತ ಮೇಲೆ ಮೊದಲ್ನೇ ಸಲ ನನ್ನ ಕೈಗೆ ಚೆಂಡು ಬಂದದ್ದು. ನೀನು ಟೊಳ್ಳು ಹುಡುಕ್ತಾ ಕೂತ್ಕೊ."

"ಮತ್ತೆ ನನ್ನನ್ನು ಯಾಕೆ ಕರ್ಕೊಂಡು ಹೋದದ್ದು? ಭಾವ ಕಳಿಸಿದ್ದು ಅಂತ ಗೊತ್ತಿತ್ತಲ್ಲ ನಿಂಗೆ."

"ಗೊತ್ತಿತ್ತು. ಅಲ್ಲಿ ಎಲ್ರೂ ನಗ್ತಾರೆ, ಗುಡ್ ಜಾಬ್ ಅಂತಾರೆ, ತಪ್ಪು ಒಬ್ರೂ ಹೇಳುದಿಲ್ಲ. ತಪ್ಪು ಹುಡುಕ್ಲಿಕ್ಕೆ ನಿನ್ನಷ್ಟು ಕೆಟ್ಟವ್ಳು ಈ ಕತಾರಲ್ಲೇ ಇಲ್ಲ."

ಇದಕ್ಕೆ ಉತ್ತರ ಇತ್ತು. ಹುಡುಕಿದರೆ ಎರಡು ಮೂರು ಇದ್ದವು. ಹಸಿರು ಬಿತ್ತು, ಹಿಂದಿನ ಕಾರಿನವನು ಹಾರನ್ ಹೊಡೆದ.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಖಾಲಿ ಜಾಗ ಇದೆ, ಮರಳು ನೆಲ, ಎಲ್ಲರೂ ಕಾರು ನಿಲ್ಲಿಸುವುದು ಅಲ್ಲೇ. ಶುಕ್ರವಾರ ಬೆಳಗ್ಗೆ ಎಂಟಕ್ಕೆ ಯಾರೂ ಇರಲಿಲ್ಲ. ಅಕ್ಕ ಡಿಕ್ಕಿ ತೆಗೆದು ತಂಡದಿಂದ ತಂದಿದ್ದ ಕೆಂಪು ಚೆಂಡನ್ನು ಹೊರತೆಗೆದಳು.

"ನಿಲ್ಲು ಅಲ್ಲಿ. ನಂಗೆ ಯೋಚನೆ ಮಾಡ್ಲಿಕ್ಕೆ ಬಿಡ್ಬೇಡ. ನಾನು ಹಿಡಿದ ಕೂಡ್ಲೇ ಅವಸರ ಮಾಡು, ಕೂಗು, ಬಾಯಿಗೆ ಬಂದದ್ದು ಹೇಳು. ಎಸೆದದ್ದಾದ್ರೆ ಎಸೆತ ಅನ್ನು. ದಾಕ್ಷಿಣ್ಯ ಬೇಡ."

ಮೊದಲನೆಯದು ಎಸೆತ. ಎರಡನೆಯದು ಎಸೆತ. ಮೂರನೆಯದರಲ್ಲಿ ಮುಷ್ಟಿ ಬಂತು, ಚೆಂಡು ಯಾರದೋ ಲ್ಯಾಂಡ್ ಕ್ರೂಸರಿನ ಚಕ್ರಕ್ಕೆ ಬಡಿಯಿತು. "ಮೂವತ್ನಾಲ್ಕಾಯ್ತು ಅಕ್ಕ, ಬೇಗ! ಅವ್ರು ನಗ್ತಾ ಇದ್ದಾರೆ, ಬೇಗ!" ಎಂದು ಕೂಗಿದೆ. ಮೂರನೇ ಮಹಡಿಯ ಬಾಲ್ಕನಿಗೆ ಅಮ್ಮ ಬಂದು, "ಎಂತದು ನಿಮ್ದು ಬೊಬ್ಬೆ? ಮಕ್ಳು ಎದ್ದಿದ್ದಾವೆ, ದೋಸೆ ತಣಿಯುತ್ತದೆ," ಎಂದು ಹೇಳಿ ಒಳಗೆ ಹೋದಳು.

ಆ ತಂಡದ ಬಗ್ಗೆ ನನ್ನ ಅಭಿಪ್ರಾಯ ಒಂದು ಕೂದಲಿನಷ್ಟೂ ಬದಲಾಗಿರಲಿಲ್ಲ. ಮಂಗಳವಾರ ಕೋಚ್ ಬೇರೆ ನೆಪ ಹುಡುಕುತ್ತಾನೆ ಎಂದು ಆಗಲೂ ಅನಿಸಿತ್ತು. ಭಾವ ಮೂರನೆಯ ಸಲ ಕೇಳಿದಾಗ ಒಂದು ಕೈಯಲ್ಲೇ ಉತ್ತರ ಬರೆದೆ: ‘ಪಟ್ಟಿ ಮುಗಿದಿಲ್ಲ. ಮಂಗಳವಾರ ಮಕ್ಕಳು ನನ್ನ ಹತ್ತಿರ ಇರುತ್ತಾರೆ.’ ಕಳಿಸಿದ ಮೇಲೆ ನೋಡಿದರೆ ಅದು ವಿರೋಧದ ಮಾತಿನ ಹಾಗೆ ಇರಲಿಲ್ಲ. ಅಳಿಸುವಷ್ಟರಲ್ಲಿ ಅವರು ಓದಿಯಾಗಿತ್ತು.

ಅಕ್ಕ ಚೆಂಡು ಹೆಕ್ಕಿ ತಂದು ನನ್ನ ಕೈಗಿತ್ತಳು. ನಾನು ಎತ್ತರಕ್ಕೆ ಹಾಕಿದೆ. ಅವಳು ಹಾರಿ ಹಿಡಿದಳು, ಇಳಿಯುವಾಗಲೇ ಕೈಯಿಂದ ಚೆಂಡು ಹೊರಟಿತು, ಅಂಗೈಗೆ ಮುಷ್ಟಿ ತಾಗಿದ ಸದ್ದೂ ಕೇಳಿತು. ಆದರೆ ಸದ್ದಿಗಿಂತ ಒಂದು ಚೂರು ಮೊದಲು ಚೆಂಡು ಅಂಗೈ ಬಿಟ್ಟಿತ್ತು. ಬೇರೆ ಯಾರಾಗಿದ್ದರೂ ಬಿಟ್ಟುಬಿಡುತ್ತಿದ್ದರು.

"ಇದು?" ಎಂದಳು ಅಕ್ಕ, ಏದುಸಿರು ಬಿಡುತ್ತಾ.

"ಎಸೆತ," ಎಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಚೆಂಡು ತರಲು ಹೋದಳು.